ಇಳುವರಿ ಬೇರೆ, ಉಳಿತಾಯ ಬೇರೆ: ಎಲ್. ನಾರಾಯಣ ರೆಡ್ಡಿಯವರ ಬಾಳು

(ಸಿಂಧನೂರಿನಲ್ಲಿ ರೈತರ ಮುಂದೆ ಮಾಡಿದ ಭಾಷಣ)



ಸಿಂಧನೂರು ಸೀಮೆಯಲ್ಲಿ ಒಳ್ಳೆಯ ರೈತ ಯಾರೆಂದು ಕೇಳಿದರೆ, ಎಕರೆಗೆ ಹೆಚ್ಚು ಚೀಲ ಭತ್ತ ಬೆಳೆದವನನ್ನು ತೋರಿಸುವುದು ವಾಡಿಕೆ. ಸುಗ್ಗಿ ಮುಗಿದ ಮೇಲೆ ಅವನ ಕೈಯಲ್ಲಿ ಎಷ್ಟು ಉಳಿಯಿತೆಂದು ಕೇಳುವವರು ಕಡಿಮೆ. ಆ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಂಡು ಬೇಸಾಯದ ದಾರಿಯನ್ನೇ ಬದಲಿಸಿದವರು ದಿವಂಗತ ಎಲ್. ನಾರಾಯಣ ರೆಡ್ಡಿಯವರು.

ಬೆಂಗಳೂರಿನ ವರ್ತೂರು ಬಳಿಯ ಸೊರಹುಣಸೆ ಅವರ ಊರು. ಬಾಲ್ಯದಲ್ಲೇ ಮನೆ ಬಿಟ್ಟು, ಹೋಟೆಲಿನಲ್ಲಿ ದುಡಿದು, ಕಷ್ಟಪಟ್ಟು ಓದಿದರು. 1970ರ ದಶಕದಲ್ಲಿ ನೌಕರಿ ಬಿಟ್ಟು ಹೊಲಕ್ಕೆ ಮರಳಿದರು. ರಾಸಾಯನಿಕ ಗೊಬ್ಬರ, ಕೀಟನಾಶಕ ಬಳಸಿ ಹೆಚ್ಚು ಇಳುವರಿ ತೆಗೆದು ಪ್ರಶಸ್ತಿಯನ್ನೂ ಪಡೆದರು. ಆದರೆ ಖರ್ಚು ಕಳೆದು ನೋಡಿದಾಗ ಉಳಿದದ್ದು ನಷ್ಟ. ಪ್ರಶಸ್ತಿ ಬಂದ ಹೊಲದಲ್ಲೇ ಸಾಲ ಬೆಳೆದಿತ್ತು.

ಆ ಹೊತ್ತಿನಲ್ಲಿ ಜಪಾನಿನ ಮಸನೊಬು ಫುಕುವೋಕ ಅವರ ವಿಚಾರಗಳು ಅವರಿಗೆ ದಾರಿ ತೋರಿದವು. ಮುಂದೆ ದೊಡ್ಡಬಳ್ಳಾಪುರ ತಾಲ್ಲೂಕಿನ ಮರಳೇನಹಳ್ಳಿಯಲ್ಲಿ ಸಂಸಾರ ಸಮೇತ ನೆಲೆಸಿ ತೋಟ ಕಟ್ಟಿದರು. ಬದುವಿನ ಮೇಲೆ ಮರ, ಮರದ ಸೊಪ್ಪು ನೆಲಕ್ಕೆ ಹೊದಿಕೆ, ದನದ ಸಗಣಿ ಗೊಬ್ಬರಕ್ಕೆ, ಹಣ್ಣು ತರಕಾರಿ ಮೊದಲು ಮನೆಯ ಅಡುಗೆಗೆ, ಮಿಕ್ಕದ್ದು ಮಾರಾಟಕ್ಕೆ. ಸಂತೆಯಿಂದ ತರುವುದು ಕಡಿಮೆಯಾದಷ್ಟೂ ಸಾಲ ದೂರ ಎಂಬುದು ಆ ತೋಟದ ಪಾಠ. ನೋಡಲು ಬಂದ ರೈತರಿಗೆ ಬಿಡಿಸಿ ಹೇಳುವುದನ್ನು ಅವರು ಕೊನೆತನಕ ಬಿಡಲಿಲ್ಲ. 2019ರ ಜನವರಿ 14ರಂದು, ಸಂಕ್ರಾಂತಿಯ ಹೊಸ್ತಿಲಲ್ಲಿ ತೀರಿಕೊಂಡರು.

ದೊಡ್ಡಬಳ್ಳಾಪುರದ ಕೆಂಪು ಮಣ್ಣೇ ಬೇರೆ, ತುಂಗಭದ್ರಾ ಎಡದಂಡೆ ನಾಲೆಯ ಎರೆಭೂಮಿಯೇ ಬೇರೆ. ಅವರು ಮಾಡಿದ್ದನ್ನೆಲ್ಲ ಇಲ್ಲಿ ಹಾಗೆಯೇ ಮಾಡಲಾಗದು. ಗೊಬ್ಬರದ ಚೀಲವನ್ನು ಒಂದೇ ವರ್ಷದಲ್ಲಿ ಕೈಬಿಡಿರೆಂದು ಹೇಳುವುದೂ ಸರಿಯಲ್ಲ. ಆದರೆ ಅವರ ಲೆಕ್ಕ ಯಾವ ಮಣ್ಣಿಗೂ ಹೊಂದುತ್ತದೆ.

ಭತ್ತದ ಹುಲ್ಲನ್ನೇ ನೋಡಿ. ಒಂದು ಟನ್ ಹುಲ್ಲಿನಲ್ಲಿ 5ರಿಂದ 8 ಕಿಲೋ ಸಾರಜನಕ, 12ರಿಂದ 17 ಕಿಲೋ ಪೊಟ್ಯಾಷ್ ಸತ್ವ ಇರುತ್ತದೆ. ಬೆಂಕಿ ಇಟ್ಟರೆ ಸಾರಜನಕವೆಲ್ಲ ಹೊಗೆಯಾಗಿ ಹೋಗುತ್ತದೆ. ಮತ್ತೆ ಅದನ್ನೇ ಅಂಗಡಿಯಿಂದ ದುಡ್ಡು ಕೊಟ್ಟು ತರಬೇಕು. ಹುಲ್ಲನ್ನು ದನಕ್ಕೆ ಹಾಕಿ, ಇಲ್ಲವೇ ಕೊಳೆಸಿ ಗೊಬ್ಬರ ಮಾಡಿ. ಮುಂಗಾರು ಮಳೆ ಬಿದ್ದೊಡನೆ ಡಯಾಂಚ ಬಿತ್ತಿ, 40-45 ದಿನಕ್ಕೆ, ನಾಟಿಗೆ ಮುಂಚೆ ಮಣ್ಣಿಗೆ ಸೇರಿಸಿ.

ನೀರು ಅತಿಯಾದರೆ ಎರೆಮಣ್ಣು ಜೌಗಾಗಿ ಉಪ್ಪು ಮೇಲೇಳುತ್ತದೆ. ಬಸಿಗಾಲುವೆ ಚೊಕ್ಕಟವಾಗಿರಲಿ. ಮಣ್ಣು ಪರೀಕ್ಷೆ ಮಾಡಿಸಿ, ಅದು ಹೇಳಿದಷ್ಟೇ ಗೊಬ್ಬರ ಹಾಕಿ. ಜಿಪ್ಸಂ ಬೇಕೋ ಬೇಡವೋ ಅದರಿಂದಲೇ ತಿಳಿಯುತ್ತದೆ. ಬದುವಿಗೆ ಗ್ಲಿರಿಸಿಡಿಯಾ ನೆಡಿ. ಬಚ್ಚಲ ನೀರಿಗೆ ನುಗ್ಗೆ, ಕರಿಬೇವು, ನಿಂಬೆ, ಪಪ್ಪಾಯಿ ಬೆಳೆಯಲಿ. ಮನೆಮಕ್ಕಳ ತಟ್ಟೆಗೆ ಹಿತ್ತಲಿನ ಸೊಪ್ಪು ಬೀಳಲಿ.

ಎಲ್ಲಕ್ಕಿಂತ ಮೊದಲು ಒಂದು ನೋಟುಪುಸ್ತಕ ತನ್ನಿ. ಬೀಜ, ಗೊಬ್ಬರ, ಔಷಧ, ಆಳು, ಟ್ರ್ಯಾಕ್ಟರ್ ಬಾಡಿಗೆ, ಸಾಲದ ಬಡ್ಡಿ, ಒಂದನ್ನೂ ಬಿಡದೆ ಬರೆಯಿರಿ. ಸುಗ್ಗಿಯ ನಂತರ ಮನೆಯ ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಓದಿ. ಮುಂದಿನ ಹಂಗಾಮಿಗೆ ಏನು ಬಿಡಬೇಕು, ಏನು ಇಟ್ಟುಕೊಳ್ಳಬೇಕು ಎಂಬುದನ್ನು ಆ ಪುಸ್ತಕ ನೋಡಿ ತೀರ್ಮಾನಿಸಿ.