ಅಂಜಿಕೆಯೇ ದೊಡ್ಡ ರೋಗ

(ಉಗಾರ ಬುದ್ರುಕದಲ್ಲಿ ನೀಡಿದ ಉಪನ್ಯಾಸದ ಸಾರ)



ಸವದತ್ತಿ ಎಲ್ಲಮ್ಮನ ಜೋಗಪ್ಪಗಳು ನಿಮಗೆ ಹೊಸಬರಲ್ಲ. ಬಾಗಿಲಿಗೆ ಬಂದರೆ ಕೈಮುಗಿಯುತ್ತೇವೆ. ನಮ್ಮದೇ ಮನೆಯ ಹುಡುಗನ ನಡೆ ಬೇರೆಯೆನಿಸಿದರೆ ಮಾತ್ರ ಗದರುತ್ತೇವೆ. ಅಂಜಿದ ಹುಡುಗ ಕಾಂಡೋಮ್ ಬಗ್ಗೆ, ಎಚ್‌ಐವಿ ಬಗ್ಗೆ ಯಾರನ್ನು ಕೇಳಿಯಾನು?

ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸಂಶೋಧಕಿ ಡಾ. ಸುಶೇನಾ ರೆಝಾ-ಪಾಲ್ ಮೈಸೂರಿನಲ್ಲಿ ಮಾಡಿದ ಕೆಲಸ ಒಂದು ದಾರಿ ತೋರಿಸುತ್ತದೆ. ಅಲ್ಲಿ ಲೈಂಗಿಕ ವೃತ್ತಿಯ ಹೆಂಗಸರು, ಗಂಡಸರು, ಲಿಂಗತ್ವ ಅಲ್ಪಸಂಖ್ಯಾತರು ‘ಆಶೋದಯ ಸಮಿತಿ’ ಕಟ್ಟಿಕೊಂಡರು. ತಮ್ಮವರನ್ನು ತಾವೇ ತಪಾಸಣೆಗೆ ಕರೆತಂದರು. ನಂಬಿಕೆ ಇದ್ದಲ್ಲಿ ಗುಟ್ಟು ಬಾಯಿಬಿಡುತ್ತದೆ.

ಸರಕಾರಿ ಕೇಂದ್ರಗಳಲ್ಲಿ ತಪಾಸಣೆ, ಗುಳಿಗೆ ಎರಡೂ ಉಚಿತ. 2018ರಲ್ಲಿ ಜಾರಿಗೆ ಬಂದ ಕಾಯ್ದೆ ಗುಟ್ಟನ್ನೂ ಕಾಯುತ್ತದೆ. ಆದರೆ 18 ತುಂಬದವರ ತಪಾಸಣೆಗೆ ಸಾಮಾನ್ಯವಾಗಿ ಪಾಲಕರ ಒಪ್ಪಿಗೆ ಬೇಕು. ಮಗ ಯಾರಿಗೆ ಅಂಜುತ್ತಾನೋ ಅವರ ಸಹಿಯೇ ಬೇಕು! ಆದ್ದರಿಂದ ಮೊದಲ ಆಸ್ಪತ್ರೆ ನಿಮ್ಮ ಮನೆ.