ಸುಗ್ಗಿಯ ನಂತರದ ಮೂರು ನಾಟಕಗಳು



ಕುಂದಗೋಳ ತಾಲೂಕಿನ ಯರಗುಪ್ಪಿಯಂಥ ಊರಿನಲ್ಲಿ ವರ್ಷವನ್ನು ಅಳೆಯುವುದು ಹೊಲ. ಸೀಗಿ ಹುಣ್ಣಿಮೆಯ ಸುಮಾರಿಗೆ ಹಿಂಗಾರಿಯ ಜೋಳ, ಕಡಲೆ, ಗೋದಿಗಳ ಬಿತ್ತಿಗೆ, ಎಳ್ಳಮಾವಾಸ್ಯೆಗೆ ಚರಗ, ಆಮೇಲೆ ಕೊಯ್ಲು, ರಾಶಿ. ಶಿವರಾತ್ರಿಯಿಂದ ಮುಂಗಾರಿನ ಬಿತ್ತಿಗೆಯವರೆಗೆ ನೆಲಕ್ಕೂ ವಿಶ್ರಾಂತಿ, ಒಕ್ಕಲಿಗನಿಗೂ ವಿಶ್ರಾಂತಿ. ಜಾತ್ರೆ, ಲಗ್ನ, ನಾಟಕಗಳೆಲ್ಲ ಈ ಬಿಡುವಿಗೆ ಸೇರಿದವು. ಬೆಳೆಗೆ ಹಂಗಾಮು ಇರುವಂತೆ ನಾಟಕಕ್ಕೂ ಹಂಗಾಮು ಇದೆ. ಬರುವ ಹಂಗಾಮಿಗೆ ಹಳ್ಳಿಯ ಹವ್ಯಾಸಿ ಸಂಘವೊಂದು ಯಾವ ನಾಟಕಗಳನ್ನು ಆರಿಸಿಕೊಂಡರೆ ಒಳಿತು ಎಂಬುದನ್ನು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಈಗಿನ ರೂಢಿ ನಿಮಗೆ ತಿಳಿದದ್ದೇ. ಜಾತ್ರೆಗೆ ಒಂದೇ ನಾಟಕ, ಒಂದೇ ರಾತ್ರಿ. ಊರಲ್ಲಿ ಪಟ್ಟಿ ಹಾಕಿ ಹಣ ಕೂಡಿಸುತ್ತಾರೆ. ಪಡದೆ ಬಾಡಿಗೆಯದು, ದೀಪ ಬಾಡಿಗೆಯದು, ಪೋಷಾಕು ಬಾಡಿಗೆಯದು, ಸ್ತ್ರೀ ಪಾತ್ರಕ್ಕೆ ಬರುವ ಕಲಾವಿದೆಯರೂ ಪರವೂರಿನವರು. ಪೇಟಿ ಮಾಸ್ತರರ ಜಾಗದಲ್ಲಿ ಎಷ್ಟೋ ಕಡೆ ಮೊದಲೇ ಮುದ್ರಿಸಿದ ಸಂಗೀತ ಬಂದು ಕೂತಿದೆ. ಬೆಳಗಾದಾಗ ಎಲ್ಲವೂ ಗಾಡಿ ಏರಿ ಹೋಗುತ್ತವೆ. ಊರಲ್ಲಿ ಉಳಿಯುವುದು ಸಾಲ ಮತ್ತು ಒಂದಿಷ್ಟು ಹರಟೆ. ಖರ್ಚಿನ ಮಾತು ಹಾಗಿರಲಿ, ಆ ರಾತ್ರಿಯಿಂದ ಊರು ಏನನ್ನು ಕಲಿಯಿತು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದೇ ಇಲ್ಲ.

ಕಲಿಯುವ ಶಕ್ತಿ ಈ ಸೀಮೆಗೆ ಹೊಸದಲ್ಲ. ಗದಗಿನಲ್ಲಿ ಶಾಂತಕವಿಗಳು, ಎಂದರೆ ಸಕ್ಕರಿ ಬಾಳಾಚಾರ್ಯರು, 1870ರ ದಶಕದಲ್ಲಿಯೇ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿ ‘ಉಷಾಹರಣ’ವನ್ನು ಆಡಿಸಿದರು. ಮರಾಠಿ ಕಂಪನಿಗಳ ಅಬ್ಬರದ ನಡುವೆ ಕನ್ನಡವೂ ರಂಗದ ಮೇಲೆ ಹಾಡಬಲ್ಲದೆಂದು ತೋರಿಸಿದವರು ಅವರು. ವಿನೋದವೆಂದರೆ, 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ಆಡಿ ಮರಾಠಿ ರಂಗಭೂಮಿಯನ್ನು ಬೆಳಗಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರೇ. ಕುಂದಗೋಳದ ರಾಮಭಾವು ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀ ಪಾತ್ರಗಳನ್ನು ವಹಿಸಿ ಹೆಸರಾದರು. ಅವರೇ ಸವಾಯಿ ಗಂಧರ್ವರು. ಅವರಲ್ಲಿ ಕಲಿತ ಭೀಮಸೇನ ಜೋಶಿಯವರ ಕಂಠ ದೇಶವನ್ನೇ ತುಂಬಿತು. ರಂಗಭೂಮಿಯ ಹಾಡು ಮತ್ತು ಗವಾಯಿಯ ಹಾಡು ಒಂದೇ ಅಂಗಳದಲ್ಲಿ ಆಡಿ ಬೆಳೆದ ಸೀಮೆ ಇದು. ಅಂಥಲ್ಲಿ ಪೇಟಿ ನುಡಿಸುವವರು ಸಿಗುವುದಿಲ್ಲವೆಂಬ ಮಾತು ನಮಗೆ ಶೋಭಿಸುವುದಿಲ್ಲ.

ಹಾಗಾದರೆ ಬರುವ ಹಂಗಾಮಿಗೆ ಏನನ್ನು ಆಡೋಣ? ಒಂದು ರಾತ್ರಿಯ ಬದಲು ಮೂರು ರಾತ್ರಿ, ಮೂರು ಬಗೆಯ ನಾಟಕ ಇರಲಿ ಎಂಬುದು ನನ್ನ ಸೂಚನೆ.

ಮೊದಲನೆಯದು, ಹೋಳಿಯ ಹೊತ್ತಿಗೆ ‘ಸಂಗ್ಯಾ ಬಾಳ್ಯಾ’. ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದರಿಂದ ಹುಟ್ಟಿದ ಈ ಸಣ್ಣಾಟಕ್ಕೆ ಪಡದೆ ಬೇಡ, ಸೀನು ಬೇಡ. ಗಟ್ಟಿ ಕಂಠದ ಮೇಳ, ಪೇಟಿ, ತಬಲಾ, ತಾಳ ಇದ್ದರೆ ಸಾಕು. ಗೆಳೆತನಕ್ಕೆ ದ್ರೋಹ ಬಗೆದರೆ ಏನಾದೀತು ಎಂಬುದನ್ನು ಅದು ಊರಿನ ಮಾತಿನಲ್ಲಿಯೇ ಹೇಳುತ್ತದೆ. ಹಾಡುವ ಹುಡುಗರು ಯಾರು, ತಾಳ ತಪ್ಪದವರು ಯಾರು ಎಂಬುದು ಈ ಆಟದ ತಾಲೀಮಿನಲ್ಲಿಯೇ ಗೊತ್ತಾಗುತ್ತದೆ.

ಎರಡನೆಯದು, ಬಸವ ಜಯಂತಿಯ ಸುಮಾರಿಗೆ ಒಂದು ಸಂಗೀತ ನಾಟಕ. ಏಣಗಿ ಬಾಳಪ್ಪನವರ ಕಂಪನಿ ಊರೂರಿಗೆ ಒಯ್ದ ‘ಜಗಜ್ಯೋತಿ ಬಸವೇಶ್ವರ’ವನ್ನಾಗಲಿ, ಗರುಡ ಸದಾಶಿವರಾಯರು ಪ್ರಸಿದ್ಧಗೊಳಿಸಿದ ‘ಪಾದುಕಾ ಪಟ್ಟಾಭಿಷೇಕ’ವನ್ನಾಗಲಿ ಆರಿಸಿಕೊಳ್ಳಬಹುದು. 1914ರಲ್ಲಿ ಹುಟ್ಟಿ 2017ರಲ್ಲಿ ಕಣ್ಮುಚ್ಚಿದ ಬಾಳಪ್ಪನವರು ನೂರು ವರ್ಷ ಮೀರಿದ ಬಾಳಿನಲ್ಲಿ ರಂಗಗೀತೆಯ ಏಳುಬೀಳುಗಳನ್ನೆಲ್ಲ ಕಂಡವರು. ಇಂಥ ನಾಟಕಕ್ಕೆ ತಾಲೀಮು ಎಳ್ಳಮಾವಾಸ್ಯೆಯಿಂದಲೇ ಆರಂಭವಾಗಬೇಕು. ಹಾಡು ಅವಸರದಲ್ಲಿ ಗಂಟಲಿಗೆ ಇಳಿಯುವುದಿಲ್ಲ.

ಮೂರನೆಯದು, ಮಳೆಗಾಲದ ಮುನ್ನ ಗಿರೀಶ ಕಾರ್ನಾಡರ ‘ನಾಗಮಂಡಲ’. 1988ರ ಈ ನಾಟಕದ ಕಥೆಗಳು ಮೂಲದಲ್ಲಿ ಅಡಿಗೆಮನೆಯಲ್ಲಿ ಹೆಂಗಸರು ಹೇಳಿಕೊಳ್ಳುವಂಥವು. ಕಾರ್ನಾಡರು ಅವನ್ನು ಎ.ಕೆ. ರಾಮಾನುಜನ್ನರಿಂದ ಕೇಳಿದ್ದರು. ನಮ್ಮ ಅಜ್ಜಿಯರ ಕಥೆ ಇಷ್ಟು ದೂರ ಸುತ್ತಿ ಬಂದಿದೆ. ಇನ್ನು ಮನೆಗೆ ಬರಲಿ.

ಈ ಮೂರನೆಯ ನಾಟಕದಲ್ಲಿಯೇ ನನ್ನ ಮುಖ್ಯ ಮಾತು ಅಡಗಿದೆ. ರಾಣಿಯ ಪಾತ್ರವನ್ನು ಯಾರು ಮಾಡಬೇಕು? ಪರವೂರಿನ ಕಲಾವಿದೆ ರಂಗದ ಮೇಲಿದ್ದಾಗ ನಾವು ಚಪ್ಪಾಳೆ ತಟ್ಟುತ್ತೇವೆ. ರಂಗದಿಂದ ಇಳಿದ ಮೇಲೆ ಅವಳನ್ನು ಕಾಣುವ ನಮ್ಮ ಕಣ್ಣು ಬೇರೆಯಾಗುತ್ತದೆ. ನಮ್ಮ ಮಗಳನ್ನು ಕಳಿಸಲು ಹಿಂಜರಿಯುವ ಜಾಗಕ್ಕೆ ಇನ್ನೊಬ್ಬರ ಮಗಳನ್ನು ಹಣ ಕೊಟ್ಟು ಕರೆಯುತ್ತೇವೆ. ಇದು ನ್ಯಾಯವೇ? ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೇ ಲಕ್ಷ್ಮೇಶ್ವರದ ಬಚ್ಚಾಸಾನಿಯವರು ಹೆಣ್ಣುಮಕ್ಕಳದೇ ನಾಟಕ ಮಂಡಳಿಯನ್ನು ನಡೆಸಿದರು. ಅಂದು ಅವರಿಗಿದ್ದ ಧೈರ್ಯ ಇಂದು ಶಾಲೆ, ಕಾಲೇಜು ಕಂಡ ಊರುಗಳಿಗೆ ಇರಬೇಡವೇ? ಊರಿನ ಶಿಕ್ಷಕಿಯರು, ಸೊಸೆಯರು, ಕಾಲೇಜಿಗೆ ಹೋಗುವ ಹುಡುಗಿಯರು ರಂಗ ಏರಲಿ. ತಾಲೀಮಿಗೆ ತಾಯಂದಿರೂ ಬಂದು ಕೂರಲಿ. ಆಗ ಹೊರಗಿನಿಂದ ಬರುವ ಕಲಾವಿದೆಯ ಮಾನವೂ ತಾನಾಗಿ ಹೆಚ್ಚುತ್ತದೆ. ಅವಳ ದುಡಿಮೆ ಎಂಥದೆಂಬುದು ನಮ್ಮ ಮನೆಯವರಿಗೇ ತಿಳಿದಿರುತ್ತದೆ.

ಇದು ಹಳ್ಳಿಯವರಿಂದ ಆಗುವ ಕೆಲಸವೇ ಎಂದು ಕೇಳುವವರು ಹೆಗ್ಗೋಡನ್ನು ನೆನೆಯಬಹುದು. 1949ರಲ್ಲಿ ಅಲ್ಲಿ ನೀನಾಸಂ ಹುಟ್ಟಿದ್ದು ಊರಿನ ಹವ್ಯಾಸಿಗಳ ಕೂಟವಾಗಿ. 1985ರಿಂದ ಅದರ ‘ತಿರುಗಾಟ’ ನಾಡೆಲ್ಲ ನಾಟಕಗಳನ್ನು ಹೊತ್ತು ಸುತ್ತುತ್ತ ಬಂದಿತು. 1997ರಲ್ಲಿ ಸಾಣೇಹಳ್ಳಿಯ ‘ಶಿವಸಂಚಾರ’ವೂ ಅದೇ ದಾರಿ ಹಿಡಿಯಿತು. ಆ ತಂಡಗಳು ಬಂದಾಗ ನೋಡಿ ಕಲಿಯೋಣ. ಅವು ಹೋದ ಮೇಲೆ ನಮ್ಮ ಕೈಲಾದುದನ್ನು ನಾವು ಆಡೋಣ.

ಮೂರು ನಾಟಕಕ್ಕೆ ಮೂರು ಪಟ್ಟು ಹಣ ಬೇಕೆಂದು ಭಾವಿಸಬೇಕಾಗಿಲ್ಲ. ಬಾಡಿಗೆ ಇಳಿದಷ್ಟೂ ಖರ್ಚು ಇಳಿಯುತ್ತದೆ. ಹೀಗೆ ಉಳಿದ ಹಣದಲ್ಲಿ ಸಂಘವು ಮೊದಲು ಒಂದು ಒಳ್ಳೆಯ ಪೇಟಿಯನ್ನು ಕೊಳ್ಳಲಿ, ವಾರಕ್ಕೆರಡು ಸಂಜೆ ಮಕ್ಕಳಿಗೆ ಕಲಿಸಬಲ್ಲ ಮಾಸ್ತರರೊಬ್ಬರನ್ನು ಗೊತ್ತುಮಾಡಲಿ. ಬೀಜದ ಜೋಳವನ್ನು ಎಷ್ಟೇ ಬಡತನ ಬಂದರೂ ಒಕ್ಕಲಿಗ ತೆಗೆದಿಡುತ್ತಾನೆ. ಊರಿನ ಕಲೆಗೆ ಆ ಪೇಟಿ, ಆ ಮಾಸ್ತರರು, ಆ ಮಕ್ಕಳೇ ಬೀಜ. ಈ ಸಲ ಬಿತ್ತಿಗೆ ಮುಗಿಯುವ ಮುನ್ನ ಸಂಘದವರು ಒಂದು ಸಂಜೆ ಕೂಡಿ ಮೂರೂ ನಾಟಕಗಳನ್ನು ಗಟ್ಟಿಯಾಗಿ ಓದಲಿ. ಆ ಓದಿಗೆ ಹೆಣ್ಣುಮಕ್ಕಳನ್ನು ಮೊದಲು ಕರೆಯಲಿ.