ಕಟ್ಟೆಯ ಮಾತು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವವೆಂದರೆ ಹಾಡು, ನಾಟಕ, ಬಹುಮಾನಗಳ ಜೊತೆಗೆ ಒಂದೆರಡು ವಿಚಾರದ ಮಾತುಗಳೂ ಇರಬೇಕೆಂಬ ಪದ್ಧತಿಯುಂಟು. ಕನ್ನಡದ ಹಿರಿಮೆಯನ್ನು ಕುರಿತು ಇಂಥ ವೇದಿಕೆಗಳಿಂದ ನಾವೆಲ್ಲರೂ ಸಾಕಷ್ಟು ಕೇಳಿದ್ದೇವೆ. ಇಂದು ನಾವು ಆರಿಸಿಕೊಂಡಿರುವದು ಅಷ್ಟು ದೊಡ್ಡ ವಿಷಯವಲ್ಲ. ಗುಡಿಯ ಕಟ್ಟೆಯ ಮೇಲೆ, ಚಾವಡಿಯಲ್ಲಿ, ಚಹದ ಅಂಗಡಿಯಲ್ಲಿ, ಬಾವಿಯ ದಂಡೆಯಲ್ಲಿ ದಿನವೂ ನಡೆಯುವ ಮಾತುಕತೆ ಹಾಗೂ ವಾದ-ವಿವಾದಗಳೇ ನಮ್ಮ ವಿಷಯ. ಇವನ್ನು ಕಾಡುಹರಟೆಯೆಂದು ತಳ್ಳಿಬಿಡುವವರುಂಟು. ಆದರೆ ಗಡಿನಾಡಿನಲ್ಲಿ ಕನ್ನಡವು ಉಸಿರಾಡುವದು ಮೊದಲು ಇಲ್ಲಿಯೇ ಎಂಬುದು ನಮ್ಮ ನಂಬುಗೆ.

ಶೇಗಾಂವವೆಂದೊಡನೆ ದೂರದವರು ಬುಲಢಾಣಾ ಜಿಲ್ಲೆಯ ಗಜಾನನ ಮಹಾರಾಜರ ಶೇಗಾಂವವೆಂದೇ ತಿಳಿಯುವರು. ನಮ್ಮದು ಜತ್ತ ತಾಲೂಕಿನ ಶೇಗಾಂವ. ಮಳೆ ಕಡಿಮೆ, ಮಾತು ಹೆಚ್ಚು. ನಾಲ್ವರು ಕೂಡಿದರೆ ಮಾತು ಮಳೆಯಿಂದ ಮೊದಲಾಗಿ ಜೋಳಕ್ಕೆ, ಜೋಳದಿಂದ ದಾಳಿಂಬೆಯ ಧಾರಣೆಗೆ, ಧಾರಣೆಯಿಂದ ಕೊಳವೆಬಾವಿಯ ಸಾಲಕ್ಕೆ, ಸಾಲದಿಂದ ಮಗಳ ಮದುವೆಗೆ, ಅಲ್ಲಿಂದ ಮ್ಹೈಸಾಳ ಯೋಜನೆಯ ನೀರಿಗೆ ಹರಿಯುವದು. ಕೃಷ್ಣೆಯ ನೀರು ಏರುವದಕ್ಕಿಂತ ಮುಂಚೆಯೇ ಅದರ ಮಾತು ಎಷ್ಟೋ ಸಲ ಕಟ್ಟೆಯನ್ನೇರಿದೆ!

ಈ ಮಾತಿನಿಂದ ಪ್ರಯೋಜನವೇನು? ಒಂದು ಉದಾಹರಣೆ ಸಾಕು. ತಲಾಠಿಯ ಕಚೇರಿಯಿಂದ ಬರುವ ಉತಾರ ಮರಾಠಿಯಲ್ಲಿರುವದು. ಅದನ್ನು ಓದಲು ಬಾರದ ಹಿರಿಯರು ಕಾಗದವನ್ನು ಕಟ್ಟೆಗೆ ತರುವರು. ಮರಾಠಿ ಬಲ್ಲವನೊಬ್ಬನು ಓದಿ ಕನ್ನಡದಲ್ಲಿ ಹೇಳುವನು. ಇನ್ನೊಬ್ಬನು ಅದನ್ನು ತಿದ್ದುವನು. ಮೂರನೆಯವನು ಮುಂದೆ ಯಾರ ಹತ್ತಿರ ಹೋಗಬೇಕೆಂಬುದನ್ನು ತಿಳಿಸುವನು. ಮರಾಠಿಯಲ್ಲಿ ‘ಪಾರ’ವೆನ್ನಿರಿ, ಕನ್ನಡದಲ್ಲಿ ಕಟ್ಟೆಯೆನ್ನಿರಿ, ಆ ಕಲ್ಲು ಬಡವರ ಪಾಲಿನ ಪಾಠಶಾಲೆ.

ಕೂಡಿ ಕುಳಿತು ವಿಚಾರಮಾಡುವದು ನಮಗೆ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರ ಸಂವಾದಗಳನ್ನು ಮುಂದೆ ಹದಿನೈದನೆಯ ಶತಮಾನದಿಂದ ‘ಶೂನ್ಯಸಂಪಾದನೆ’ಯೆಂಬ ಗ್ರಂಥಗಳಲ್ಲಿ ಪೋಣಿಸಿದರು. ಅದರಲ್ಲಿ ನಮಗೆ ಸಮೀಪದ್ದೊಂದು ಪ್ರಸಂಗವುಂಟು. ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮನು ಕೆರೆ ಕಟ್ಟಿಸುತ್ತಿರುವಾಗ ಅಲ್ಲಮಪ್ರಭು ಬಂದು ಅವನನ್ನು ಒಡ್ಡರ ನಾಯಕನೆಂಬಂತೆ ಕರೆದನು. ಕೆಲಸಗಾರರು ಕೆರಳಿ ಕಲ್ಲೆಸೆದರು. ಸಿದ್ಧರಾಮನೂ ಸಿಟ್ಟಾದನು. ಆದರೆ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಮರುಪ್ರಶ್ನೆ ಬೆಳೆದು ಕೊನೆಗೆ ಇಬ್ಬರೂ ಕೂಡಿಯೇ ಕಲ್ಯಾಣದ ದಾರಿ ಹಿಡಿದರು. ಕಲ್ಲಿನಿಂದ ಮೊದಲಾದದ್ದು ಮಾತಿನಲ್ಲಿ ನೆಲೆಗೊಂಡಿತು.

ಇದು ಜ್ಞಾನಿಗಳ ಮಾತಾಯಿತು. ಜನಸಾಮಾನ್ಯರ ವಾದಕ್ಕೂ ನಮ್ಮಲ್ಲಿ ಒಂದು ಶಾಸ್ತ್ರವುಂಟು, ಅದು ಹರದೇಶಿ-ನಾಗೇಶಿ. ಜಾತ್ರೆಯಲ್ಲಿ ಗೀಗೀ ಮೇಳದ ದಪ್ಪು, ತುಂತುಣಿ, ತಾಳಗಳ ದನಿ ಕೇಳಿದರೆ ನಿಮ್ಮಲ್ಲಿ ಯಾರ ಕಾಲು ನಿಲ್ಲುವದಿಲ್ಲ? ಹರದೇಶಿಯವರು ಗಂಡು ಹೆಚ್ಚೆನ್ನುವರು, ನಾಗೇಶಿಯವರು ಹೆಣ್ಣು ಹೆಚ್ಚೆನ್ನುವರು. ಒಬ್ಬರ ಸವಾಲಿಗೆ ಇನ್ನೊಬ್ಬರು ಜವಾಬು ಕೊಡಲೇಬೇಕು. ಪುರಾಣ ಗೊತ್ತಿರಬೇಕು, ಲೋಕವ್ಯವಹಾರ ಗೊತ್ತಿರಬೇಕು. ಎಲ್ಲಕ್ಕೂ ಮಿಗಿಲಾಗಿ ಎದುರಿನವರ ಪದವನ್ನು ಕೊನೆಯ ವರೆಗೆ ಕಿವಿಗೊಟ್ಟು ಕೇಳಿರಬೇಕು. ಕೇಳದವನು ಜವಾಬು ಹೇಳಲಾರನು. ಇದೇ ಸಂಪ್ರದಾಯವು ಮರಾಠೀ ಶಾಹೀರರಲ್ಲಿ ಕಲಗಿ-ತುರಾ ಎಂದು ಬೆಳೆದಿದೆ. ವಾದಿಸುವ ಕಲೆಯಲ್ಲಿಯೂ ಎರಡು ಭಾಷೆಯವರು ನೆರೆಹೊರೆಯವರೇ.

ಈ ನೆರೆತನವನ್ನು ನಮ್ಮ ನೆಲದ ಹಿರಿಯರು ಬಾಳಿ ತೋರಿಸಿದ್ದಾರೆ. ನಮ್ಮ ತಾಲೂಕಿನ ಉಮದಿಯ ಭಾವೂಸಾಹೇಬ ಮಹಾರಾಜರ ಶಿಷ್ಯರಾದ ಗುರುದೇವ ರಾನಡೆಯವರು 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದರು. ಮಹಾರಾಷ್ಟ್ರದ ಸಂತರ ಅನುಭಾವವನ್ನು ಕುರಿತು ಒಂದು ಗ್ರಂಥವನ್ನೂ, ಕನ್ನಡ ಸಾಹಿತ್ಯದ ಪರಮಾರ್ಥಮಾರ್ಗವನ್ನು ಕುರಿತು ಇನ್ನೊಂದನ್ನೂ ಅವರು ಇಂಗ್ಲಿಷಿನಲ್ಲಿ ರಚಿಸಿದರು. ವರಕವಿ ಬೇಂದ್ರೆಯವರು 1944ರಿಂದ 1956ರ ವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಅವರ ಮರಾಠೀ ಕೃತಿಯೊಂದರ ಹೆಸರೇ ‘ಸಂವಾದ’. ಗುಡ್ಡಾಪುರದ ದಾನಮ್ಮತಾಯಿಯ ಜಾತ್ರೆಗೆ ನಡೆದುಬರುವ ಭಕ್ತರಲ್ಲಿ ಕನ್ನಡಿಗರೆಷ್ಟು, ಮರಾಠಿಗರೆಷ್ಟು ಎಂದು ಯಾರು ಎಣಿಸುವರು?

ಇನ್ನು ಕಟ್ಟೆಯ ಮೇಲೆ ಎಂದೂ ಹಳತಾಗದ ವಾದಕ್ಕೆ ಬರೋಣ. ಅದು ಗಡಿಯ ವಾದ. ಜತ್ತ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ರಾಜ್ಯಪುನರ್ರಚನೆಯಲ್ಲಿ ನಾವು ಮುಂಬಯಿ ರಾಜ್ಯದಲ್ಲಿಯೇ ಉಳಿದೆವು, 1960ರಲ್ಲಿ ಮಹಾರಾಷ್ಟ್ರದವರಾದೆವು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ವರದಿ ಕೊಟ್ಟು, ಜತ್ತ ಭಾಗದ ಹಳ್ಳಿಗಳನ್ನೂ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದಿತು. ಆ ವರದಿಯು ಜಾರಿಗೆ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸರಕಾರವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2022ರ ನವೆಂಬರದಲ್ಲಿ ಜತ್ತದ ಹಳ್ಳಿಗಳ ಹೆಸರು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಮತ್ತೆ ಮೆರೆಯಿತು. ಮುಂದಿನ ತಿಂಗಳು ಅಲ್ಲಿ ಇಲ್ಲಿ ವಾಹನಗಳ ಮೇಲೆ ಕಲ್ಲುಗಳು ಬಿದ್ದವು, ಬಸ್ಸುಗಳಿಗೆ ಮಸಿ ಬಳಿಯಲಾಯಿತು, ಸಂಚಾರ ನಿಂತಿತು. ಬಸ್ಸು ನಿಂತರೆ ತೊಂದರೆ ಯಾರಿಗೆ? ವಿಜಯಪುರದ ಆಸ್ಪತ್ರೆಗೆ ಹೊರಟ ರೋಗಿಗೆ, ಕಾಲೇಜಿಗೆ ಹೊರಟ ಹುಡುಗಿಗೆ, ಗಡಿಯಾಚೆಯ ತವರಿಗೆ ಹೊರಟ ಬಾಣಂತಿಗೆ. ಕಲ್ಲೆಸೆಯುವವನು ಇವರಾರನ್ನೂ ಕೇಳಿರುವದಿಲ್ಲ.

ಹಾಗಾದರೆ ನಾವು ಬಾಯಿ ಮುಚ್ಚಿಕೊಂಡಿರಬೇಕೆ? ಎಂದಿಗೂ ಇಲ್ಲ. ಗಡಿಯನ್ನು ಕುರಿತು ಈ ಸಭೆಯಲ್ಲಿಯೇ ಎರಡು ಮತಗಳಿರಬಹುದು, ಇರಲಿ. ಎಲ್ಲಿ ಸೇರಿದರೂ ನೀರು ಬೇಕು, ಕನ್ನಡ ಶಾಲೆ ಬೇಕು, ಶಾಲೆಗೆ ಕನ್ನಡ ಬಲ್ಲ ಶಿಕ್ಷಕರು ಬೇಕು ಎಂಬಲ್ಲಿ ಎರಡು ಮತಗಳಿರಲಾರವು. ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿ ದೊರೆಯುವಂತೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350-ಎ ಕಲಮು ಹೇಳುವದು. ಅದು 1956ರಲ್ಲಿ ಭಾಷಾ ಅಲ್ಪಸಂಖ್ಯಾತರಿಗಾಗಿಯೇ ಸೇರಿದ ಕಲಮು. ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಕೊಡಬಹುದೆಂದು 350ನೆಯ ಕಲಮಿನಲ್ಲಿದೆ. ಕಟ್ಟೆಯ ಮೇಲಿನ ಗೊಣಗಾಟವು ಇಂಥ ಅರ್ಜಿಯಾಗಿ ಇಳಿದುಬಂದರೆ ಆಗ ಮಾತಿಗೆ ಕಾಲು ಮೂಡಿದಂತಾಗುವದು.

ಆದರೆ ನಮ್ಮನ್ನು ಹೆಚ್ಚು ಕಾಡುವ ಚಿಂತೆಯು ಬೇರೆ. ಕಟ್ಟೆಯ ಮೇಲೆ ಇಂದು ಕಾಣುವವು ನರೆತ ತಲೆಗಳೇ. ತರುಣರು ಪಕ್ಕದಲ್ಲಿ ಕುಳಿತರೂ ಅವರ ಕಣ್ಣು ಅಂಗೈಯೊಳಗಿನ ಮೊಬಾಯಿಲದಲ್ಲಿ. ಮಕ್ಕಳು ಕನ್ನಡವನ್ನು ಪರೀಕ್ಷೆಗೆ ಬರೆಯುವರು, ಸಮಾರಂಭದಲ್ಲಿ ಹಾಡುವರು. ಒಂದು ವಿಷಯ ಒಪ್ಪಿಗೆಯಾಗದಿದ್ದರೆ ‘ಅಜ್ಜಾ, ಅದು ಹಾಗಲ್ಲ, ಹೀಗೆ’ ಎಂದು ಕನ್ನಡದಲ್ಲಿ ವಾದಿಸುವ ರೂಢಿ ಕಡಿಮೆಯಾಗುತ್ತಿದೆ. ಬರಿಯ ಹಾಡಿಗೆ ಉಳಿದ ಭಾಷೆಯು ಪೆಟ್ಟಿಗೆಯೊಳಗಿನ ರೇಶಿಮೆ ಸೀರೆಯಂತೆ. ಹಬ್ಬಕ್ಕೆ ಹೊರಬರುವದು, ಮತ್ತೆ ಒಳಸೇರುವದು. ದಿನಬಳಕೆಯ ಭಾಷೆಗೆ ಧೂಳು ಹತ್ತುವದು, ಹರಿಯುವದು, ತೇಪೆ ಬೀಳುವದು. ಆದರೂ ಮೈಮುಚ್ಚುವದು ಅದೇ.

ಆದುದರಿಂದ ಸಂಘಕ್ಕೆ ನಮ್ಮದೊಂದು ಸಣ್ಣ ಸೂಚನೆ. ತಿಂಗಳಿಗೊಂದು ಸಂಜೆ ‘ಕಟ್ಟೆಯ ಕೂಟ’ವನ್ನು ನಡೆಯಿಸೋಣ. ವಿಷಯವು ಮನೆಯದೇ ಆಗಿರಲಿ: ದಾಳಿಂಬೆ ಮೇಲೋ ಜೋಳ ಮೇಲೋ? ಮದುವೆಯ ಖರ್ಚಿಗೆ ಮಿತಿ ಬೇಕೋ ಬೇಡವೋ? ಮಗುವನ್ನು ಯಾವ ಮಾಧ್ಯಮಕ್ಕೆ ಹಾಕಬೇಕು? ತಾಯಂದಿರು ದೂರ ನಿಂತು ಕೇಳದೆ ಕಟ್ಟೆಯ ಮೇಲೆಯೇ ಕುಳಿತುಕೊಳ್ಳಲಿ. ನಾಗೇಶಿಯ ಪಕ್ಷ ವಹಿಸಲು ಅವರಿಗಿಂತ ಬಲ್ಲವರಾರು? ಮರಾಠೀ ನೆರೆಯವರು ಬಂದರೆ ಅವರು ಮರಾಠಿಯಲ್ಲಿಯೇ ನುಡಿಯಲಿ, ನಮಗೆ ತಿಳಿಯದ್ದೇನೂ ಇಲ್ಲ. ನಿಯಮವೊಂದೇ: ಎದುರಿನವರ ಮಾತನ್ನು ಅವರು ಒಪ್ಪುವಂತೆ ಮೊದಲು ತಿರುಗಿ ಹೇಳಿ, ಆಮೇಲೆ ಅದನ್ನು ಖಂಡಿಸಬೇಕು.

ಇಲ್ಲಿ ನೆರೆದ ಮಕ್ಕಳಿಗೆ ಒಂದು ಮಾತು. ಇಂದು ನಾವು ಹೇಳಿದ್ದರಲ್ಲಿ ನಿಮಗೆ ಒಪ್ಪಿಗೆಯಾಗದ್ದೇನಾದರೂ ಇದ್ದರೆ ಎದ್ದುನಿಂತು, ಕನ್ನಡದಲ್ಲಿ, ಅಂಜದೆ ಹೇಳಿರಿ. ಅದೇ ಈ ಉತ್ಸವಕ್ಕೆ ಶೋಭೆ.